ಫ್ರಿಡ್ಜ್ ಒಳಗೆ ಮೇಲೆ 22, ಕೆಳಗೆ 15 ಡಿಗ್ರಿ. ಫ್ಯಾನ್ ಎಲ್ಲಿ ಕೂರಿಸುವುದು?

ಕದ್ರಿಗುಡ್ಡೆ:
ಗುಜರಿಗೆ ಹೋಗಬೇಕಿದ್ದ ಹಳೇ ಸಿಂಗಲ್ ಡೋರ್ ಫ್ರಿಡ್ಜನ್ನು ಹಣ್ಣಿನ ರಸ ಹುಳಿ ಬರಿಸಿ ವೈನ್ ಮಾಡೋಕೆ ಇಟ್ಟುಕೊಂಡಿದ್ದೇನೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಹೊರಗೆ ಇಟ್ಟರೆ ಏನಾಗುತ್ತದೆ ಅಂತ ಹೋದ ವರ್ಷ ನೋಡಿಯಾಗಿದೆ, ವೈನ್ ಅಲ್ಲ ಅದು, ಪೇಂಟಿಗೆ ಹಾಕುವ ಥಿನ್ನರ್ ವಾಸನೆ. ಈಗ ಕೆಳಗೆ 20 ಲೀಟರ್ ಬಕೆಟ್‌ನಲ್ಲಿ ಅನಾನಸ್, ಮೇಲೆ ಗಾಜಿನ ಶೆಲ್ಫ್‌ನಲ್ಲಿ 5 ಲೀಟರ್ ಜಾಡಿಯಲ್ಲಿ ಗೇರುಹಣ್ಣು. ಡಿಗ್ರಿ ನೋಡಿ ಕಂಪ್ರೆಸರ್ ಆನ್, ಆಫ್ ಮಾಡುವ ಕಂಟ್ರೋಲರನ್ನು 18ಕ್ಕೆ ಸೆಟ್ ಮಾಡಿದ್ದೇನೆ, ಅದರ ಸೆನ್ಸರ್ ನಡುವೆ ನೇತಾಡುತ್ತಿದೆ. ಆದರೂ ಮೇಲೆ 22, ಕೆಳಗೆ 15. ಕಂಪ್ರೆಸರ್ ಬೇರೆ ಐದೈದು ನಿಮಿಷಕ್ಕೆ ಆನ್, ಆಫ್. ಮಂಡೆ ಬಿಸಿ ಆಗಿದೆ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದು ಉಂಟು. ಎಲ್ಲಿ ಹಾಕಲಿ? ವೈರ್ ಒಳಗೆ ತರೋಕೆ ಸೈಡಿಗೆ ತೂತು ಕೊರೆಯಬಹುದಾ?

ಮಲ್ಪೆಗಾಳಿ:
ಮೊದಲು ಡ್ರಿಲ್ ಕೆಳಗಿಡಿ ಮಾರಾಯ್ರೆ! ಎಷ್ಟೋ ಫ್ರಿಡ್ಜ್‌ಗಳಲ್ಲಿ ಗ್ಯಾಸ್ ಪೈಪ್ ಗೋಡೆಯ ಒಳಗೇ ಇರುತ್ತದೆ. ಒಂದು ತೂತು ತಪ್ಪಿದರೆ ಫ್ರಿಡ್ಜ್ ನಿಜವಾಗಿಯೂ ಗುಜರಿಗೆ. ತೆಳು ವೈರ್ ಆದರೆ ಬಾಗಿಲಿನ ರಬ್ಬರ್ ಕೆಳಗೆ ಆರಾಮಾಗಿ ಬರುತ್ತದೆ, ಇಲ್ಲದಿದ್ದರೆ ಹಿಂದೆ ನೀರು ಹೋಗುವ ತೂತಿನಿಂದ ತನ್ನಿ. ಅಡಾಪ್ಟರ್ ಹೊರಗೇ ಇರಲಿ.

ಫ್ಯಾನ್ ತಂಪು ಮಾಡುವುದಿಲ್ಲ, ಇರುವ ತಂಪನ್ನು ಹಂಚುತ್ತದೆ ಅಷ್ಟೆ. ತಣ್ಣನೆ ಗಾಳಿ ಭಾರ, ಕೆಳಗೆ ಹೋಗಿ ಕೂರುತ್ತದೆ. ಮೇಲಿನ ಜಾಡಿಯಲ್ಲಿ ಈಸ್ಟ್ ಜೋರಾಗಿ ಕೆಲಸ ಮಾಡುತ್ತಿದ್ದರೆ ಅದರದ್ದೇ ಬಿಸಿ ಬೇರೆ ಸೇರುತ್ತದೆ. ಹಾಗಾಗಿ ಫ್ಯಾನನ್ನು ತಳದ ಮೂಲೆಯಲ್ಲಿ, ಮೇಲ್ಮುಖವಾಗಿ ಇಡಿ. ಗಾಜಿನ ಶೆಲ್ಫ್ ತೆಗೆದು ತಂತಿಯದ್ದು ಹಾಕಿ, ಈಗ ಅದು ಫ್ರಿಡ್ಜನ್ನು ಎರಡು ಕೋಣೆ ಮಾಡಿಬಿಟ್ಟಿದೆ. ಬಕೆಟ್ ಹಿಂದಿನ ಗೋಡೆಗೆ ತಾಗಬಾರದು, ಎರಡು ಬೆರಳಿನಷ್ಟು ಜಾಗ ಬಿಡಿ.

ಬಲ್ಮಠ_ಬಾಟ್ಲಿ:
ನಾನು ಮೇಲೇ ಹಾಕಿದ್ದೇನೆ, ಫ್ರೀಜರ್ ಎದುರು ಕೆಳಮುಖವಾಗಿ, ಅದರ ಪುಟ್ಟ ಬಾಗಿಲು ಕಿತ್ತು. ಅದೂ ನಡೆಯುತ್ತದೆ. ಆದರೆ ಐಸ್ ಕರಗಿ ಫ್ಯಾನ್ ಮೇಲೆ ತೊಟ್ಟಿಕ್ಕಿ ಒಂದು ಫ್ಯಾನ್ ಸತ್ತಿತು, ಅದನ್ನೂ ಹೇಳಬೇಕಲ್ವಾ.

ನಿಮ್ಮ ದೊಡ್ಡ ತಪ್ಪು ಸೆನ್ಸರ್. ಗಾಳಿ ಬೇಗ ತಣಿಯುತ್ತದೆ, ಬೇಗ ಬಿಸಿಯಾಗುತ್ತದೆ, ಕಂಪ್ರೆಸರ್ ಅದರ ಹಿಂದೆ ಓಡುತ್ತಿದೆ. ಸೆನ್ಸರನ್ನು ಬಕೆಟ್ ಮೈಗೆ, ಒಳಗಿನ ರಸದ ಮಟ್ಟಕ್ಕಿಂತ ಕೆಳಗೆ ಟೇಪ್ ಹಾಕಿ ಅಂಟಿಸಿ, ಮೇಲೆ ಥರ್ಮಾಕೋಲ್ ತುಂಡು ಒತ್ತಿ. ಕಂಟ್ರೋಲರಿನಲ್ಲಿ ಆನ್, ಆಫ್ ನಡುವಿನ ವ್ಯತ್ಯಾಸ 1 ಡಿಗ್ರಿ, ಕಂಪ್ರೆಸರ್ ಡಿಲೇ, ಅಂದರೆ ಆಫ್ ಆದ ಮೇಲೆ ಮತ್ತೆ ಆನ್ ಆಗುವ ಮೊದಲು ಕಾಯುವ ಹೊತ್ತು, 5 ನಿಮಿಷಕ್ಕೆ ಇಡಿ.

ಮಲ್ಪೆಗಾಳಿ:
ಅದರಲ್ಲಿ ಒಂದು ತೊಂದರೆ ಉಂಟು. 20 ಲೀಟರ್ ತಣಿಯುವವರೆಗೆ ಕಂಪ್ರೆಸರ್ ತುಂಬ ಹೊತ್ತು ಓಡುತ್ತದೆ, ಅಷ್ಟರಲ್ಲಿ 5 ಲೀಟರಿನ ಜಾಡಿ ಜಾಸ್ತಿ ತಣಿದು ಈಸ್ಟ್ ಮಲಗಿಬಿಡಬಹುದು. ಜಾಡಿಯನ್ನು ನೀರು ತುಂಬಿದ ಟಬ್ಬಿನಲ್ಲಿ ನಿಲ್ಲಿಸಿ, ಏರಿಳಿತ ನಿಧಾನ ಆಗುತ್ತದೆ. ಭಾರ ನೋಡಿಕೊಳ್ಳಿ, ಶೆಲ್ಫ್ ತಾಳಬೇಕು.

ಕದ್ರಿಗುಡ್ಡೆ:
ಫ್ಯಾನ್ ಯಾವಾಗಲೂ ಓಡಬೇಕಾ, ಕಂಪ್ರೆಸರ್ ಜೊತೆ ಮಾತ್ರವಾ? ಕರೆಂಟ್ ಬಿಲ್ ನೋಡುವವರು ಮನೆಯಲ್ಲಿ ಬೇರೆ ಇದ್ದಾರೆ.

ಬಲ್ಮಠ_ಬಾಟ್ಲಿ:
ಯಾವಾಗಲೂ. 12 ವೋಲ್ಟ್, 0.15 ಆಂಪ್ ಅಂದರೆ 2 ವ್ಯಾಟ್ ಕೂಡ ಇಲ್ಲ, ತಿಂಗಳಿಗೆ ಒಂದೂವರೆ ಯೂನಿಟ್ ಒಳಗೆ. ಮಳೆಗಾಲದಲ್ಲಿ ಇನ್ನೂ ಮುಖ್ಯ. 18 ಡಿಗ್ರಿಗೆ ಇಟ್ಟ ಫ್ರಿಡ್ಜ್‌ನಲ್ಲಿ ಕಂಪ್ರೆಸರ್ ಓಡುವುದೇ ಕಡಿಮೆ, ಒಳಗಿನ ಪಸೆ ಹೋಗುವುದಿಲ್ಲ, ಜೂನ್‌ನಲ್ಲಿ ಬಾಗಿಲು ತೆರೆದಾಗೆಲ್ಲ ಹೊಸ ಪಸೆ ಒಳಗೆ ಬರುತ್ತದೆ. ನನ್ನ ರಬ್ಬರ್ ಪೂರ್ತಿ ಕಪ್ಪು ಬೂಸ್ಟು ಹಿಡಿದಿತ್ತು. ಕಪಾಟಿಗೆ ಇಡುತ್ತಾರಲ್ಲ, ಪಸೆ ಹೀರುವ ಡಬ್ಬಿ, ಅದೊಂದು ಒಳಗಿಡಿ.

ಕದ್ರಿಗುಡ್ಡೆ:
ನಾಲ್ಕು ದಿನ ಆಯಿತು. ಫ್ಯಾನ್ ತಳದಲ್ಲಿ, ಸೆನ್ಸರ್ ಬಕೆಟ್ ಮೈಗೆ, ತಂತಿ ಶೆಲ್ಫ್ ಸಿಗದೆ ಗ್ಯಾಸ್ ಒಲೆಯ ಹಳೇ ಸ್ಟ್ಯಾಂಡ್ ಮೇಲೆ ಟಬ್. ಈಗ ಮೇಲೆ 19, ಕೆಳಗೆ 18. ಕಂಪ್ರೆಸರ್ ಗಂಟೆಗೆ ಒಮ್ಮೆ ಬಂದರೆ ಹೆಚ್ಚು. ಗೇರುಹಣ್ಣಿನ ಜಾಡಿಯ ಏರ್‌ಲಾಕ್‌ನಲ್ಲಿ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು, ಹೊರಗಿನ ಗಾಳಿ ಒಳಗೆ ಬಿಡದ ಮುಚ್ಚಳ) ಗುಳ್ಳೆ ಇನ್ನೂ ಬರುತ್ತಿದೆ. ಫ್ಯಾನ್ ಮಾತ್ರ ರಾತ್ರಿ ಕಿರ್ ಅನ್ನುತ್ತದೆ, ಕೆಳಗೆ ಸ್ಪಂಜ್ ಇಟ್ಟು ನೋಡುತ್ತೇನೆ.