ಯುದ್ಧ ಮುಗಿದ್ರೂ ಅಫ್ಘಾನಿಸ್ತಾನದ ರೈತನ ಕೈಗೆ ರೊಕ್ಕ ಯಾಕೆ ಬರಲಿಲ್ಲ?

ತಿಕೋಟಾ_ತೋಟ:
ನಮ್ಮದು ತಿಕೋಟಾ ಹತ್ತಿರ ದ್ರಾಕ್ಷಿ ತೋಟ, ಎಲ್ಲಾ ಮಣೂಕಕ್ಕೇ (ಒಣದ್ರಾಕ್ಷಿಗೆ) ಹೋಗುತ್ತದೆ. ರೇಟ್ ಬಿದ್ದಾಗಲೆಲ್ಲ ಮಾರ್ಕೆಟ್‌ನಲ್ಲಿ ಒಂದೇ ಮಾತು, "ಅಫ್ಘಾನ್ ಮಾಲು ಬಂದಿದೆ". ಇರಲಿ. ನನ್ನ ಪ್ರಶ್ನೆ ಬೇರೆ. ಅಲ್ಲಿ 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರ ಹಿಡಿದ ಮೇಲೆ ಯುದ್ಧ ನಿಂತಿತು ಅಲ್ವಾ? ಆಮೇಲೆ ರೈತ ಸುಧಾರಿಸಬೇಕಿತ್ತು. ಬಡತನ ಜಾಸ್ತಿ ಆಯ್ತು ಅಂತಾರೆ, ಯಾಕೆ?

ಅಡತಿ_ಕಾಕಾ, ವಿಜಯಪುರ:
ತಮ್ಮಾ, ಅಲ್ಲಿ ಯುದ್ಧವೇ ದೊಡ್ಡ ಉದ್ಯೋಗ ಆಗಿತ್ತು. ಹಿಂದಿನ ಸರ್ಕಾರ ಖರ್ಚು ಮಾಡುತ್ತಿದ್ದ ನೂರು ರೂಪಾಯಿಯಲ್ಲಿ ಸುಮಾರು 75 ಹೊರದೇಶದ ನೆರವು. ಮಾಸ್ತರರ ಪಗಾರ, ಆಸ್ಪತ್ರೆ, ಸೈನ್ಯಕ್ಕೆ ಸಾಮಾನು ಒಯ್ಯುವ ಲಾರಿ, ಕಾಬೂಲ್‌ನ ಮನೆ ಬಾಡಿಗೆ, ಎಲ್ಲಾ ಅದರ ಮೇಲೇ ನಡೆದಿತ್ತು. ಅದು ಒಮ್ಮೆಗೇ ನಿಂತಿತು. ಅವರ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರನ್ನು ಅಮೆರಿಕ ತಡೆಹಿಡಿಯಿತು. ಬ್ಯಾಂಕಿನಲ್ಲಿ ಸ್ವಂತ ದುಡ್ಡಿಟ್ಟವನಿಗೂ ವಾರಕ್ಕೆ 200 ಡಾಲರ್ ಅಂತ ಮಿತಿ ಹಾಕಿದರು. ಮಾಲು ಇದೆ, ಗಿರಾಕಿ ಇದ್ದಾನೆ, ನಡುವೆ ರೊಕ್ಕ ದಾಟುವ ದಾರಿ ಇಲ್ಲ. ಬ್ಯಾಂಕ್ ಬಿಟ್ಟು ಹೊರಗಿಂದ ರೊಕ್ಕ ದಾಟಿಸುವ ಹವಾಲಾದವನಿಗೆ ಸುಗ್ಗಿ.

ಒಂದು ಒಳ್ಳೆಯದೂ ಆಯ್ತು ಅನ್ನಬೇಕು. ಮೊದಲು ಲಾರಿಯವನು ದಾರಿಯಲ್ಲಿ ಪೊಲೀಸರಿಗೂ ಕೊಡಬೇಕಿತ್ತು, ತಾಲಿಬಾನ್‌ಗೂ ಕೊಡಬೇಕಿತ್ತು. ಈಗ ವಸೂಲಿ ಒಂದೇ ಕೈಯಲ್ಲಿದೆ. ಗಡಿ ಸುಂಕ ಖಜಾನೆಗೆ ಸೇರುತ್ತದೆ. ನೆರವು ಹೋದರೂ ಸರ್ಕಾರ ಕುಸಿಯದಿರಲು ಅದೂ ಒಂದು ಕಾರಣ.

ಜಮಖಂಡಿ_ಅಕ್ಕ:
ಕಾಕಾ, ಅಫೀಮು ಬಿಟ್ಟೇ ಬಿಟ್ಟಿರಿ! 2022ರ ಏಪ್ರಿಲ್‌ನಲ್ಲಿ ತಾಲಿಬಾನ್‌ನವರು ಅದನ್ನು ನಿಷೇಧ ಮಾಡಿದರು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಆ ವರ್ಷ 2,33,000 ಹೆಕ್ಟೇರ್ ಇದ್ದ ಬೆಳೆ 2023ರಲ್ಲಿ 10,800ಕ್ಕೆ ಇಳಿಯಿತು. ರೈತರು ಗೋಧಿ ಹಾಕಿದರು, ಆದರೆ ಗೋಧಿಯಲ್ಲಿ ಅಷ್ಟು ಎಲ್ಲಿ ಹುಟ್ಟುತ್ತದೆ? ಅಫೀಮಿನ ರೇಟ್ ಏರಿತು, ಲಾಭ ಸಿಕ್ಕಿದ್ದು ಹಳೇ ದಾಸ್ತಾನು ಇದ್ದವರಿಗೆ. ಇನ್ನು ಹೆಣ್ಣುಮಕ್ಕಳನ್ನು ಎಷ್ಟೋ ಕೆಲಸಗಳಿಂದ ಹೊರಗಿಟ್ಟಿದ್ದಾರೆ. ನಿಮ್ಮ ಶೆಡ್‌ನಲ್ಲಿ ಮಣೂಕ ಆರಿಸುವವರು ಯಾರು, ಹೇಳಿ ನೋಡೋಣ.

ತಿಕೋಟಾ_ತೋಟ:
ಹಾಗಾದ್ರೆ ಅಫೀಮು ಬಿಟ್ಟವರೆಲ್ಲ ದ್ರಾಕ್ಷಿಗೆ ಬಂದರೆ ನಮ್ಮ ಗತಿ?

ಅಡತಿ_ಕಾಕಾ, ವಿಜಯಪುರ:
ಅಕ್ಕ ಹೇಳಿದ್ದು ಖರೆ. ತಮ್ಮಾ, ಸುಮ್ನೆ ಹೆದರಬೇಡ. ಬಳ್ಳಿ ಹಚ್ಚಿದ ವರ್ಷವೇ ಫಸಲು ಬರಲ್ಲ, ಅಲ್ಲಿವರೆಗೆ ಸಾಲ ಕೊಡುವವರು ಬೇಕು. ಕಾಬೂಲ್ ಉತ್ತರಕ್ಕಿರುವ ಶೊಮಾಲಿ ಬಯಲಲ್ಲಿ 1999ರಲ್ಲಿ ಇದೇ ತಾಲಿಬಾನ್‌ನವರು ದ್ರಾಕ್ಷಿ ತೋಟ ಸುಟ್ಟಿದ್ದರು. 2001ರ ನಂತರ ತೋಟ ಮತ್ತೆ ಎಬ್ಬಿಸುವಾಗ ನೆರವಿನ ರೊಕ್ಕ ಹರಿಯುತ್ತಿತ್ತು. ಈಗ ಅದಿಲ್ಲ. ರೇಟ್ ಬಿದ್ದಾಗ ನಮ್ಮ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಕೂತ ಹೋದ ವರ್ಷದ ಮಾಲನ್ನೂ ಒಮ್ಮೆ ಎಣಿಸು.