ಗೋಡೆ ಮೇಲೆ ಬರೆಸಲು ‘ಸಮಾನ ಅನುಪಾತ’ಕ್ಕೆ ಬೇರೆ ಪದ ಬೇಕು (ಅರ್ಜೆಂಟ್)

ಮೂಡಿಗೆರೆಯಿಂದ:
ನಾಳೆ ಬೆಳಗ್ಗೆ ಪೇಂಟರ್ ಬರುತ್ತಾರೆ. ಮಳೆ ಹಿಡಿಯುವ ಮುಂಚೆ ಕಾಫಿಗೆ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯಬೇಕು. ಔಷಧಿ ಕಲಸುವ ಶೆಡ್ಡಿನ ಗೋಡೆಗೆ ಲೆಕ್ಕ ಬರೆಸುತ್ತಿದ್ದೇನೆ. ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. 200 ಲೀಟರ್ ಡ್ರಮ್ಮಿಗೆ ಎರಡೆರಡು ಕೆಜಿ. 15 ಲೀಟರ್ ಕ್ಯಾನಿಗೆ 150 ಗ್ರಾಂ, 150 ಗ್ರಾಂ. ಮೂರೂ ಒಂದೇ ಅನುಪಾತ. ‘ಸಮಾನ ಅನುಪಾತಗಳು’ ಅಂತ ತಲೆಬರಹ ಬರೆದು ತೋರಿಸಿದೆ. ಕೆಲಸದವರು “ಎಲ್ಲಾ ಸಮ ಅಂದ್ರೆ ನೀರೂ ಒಂದೇ ಕೆಜಿನಾ?” ಅಂದರು. ತಪ್ಪು ಅವರದಲ್ಲ.

ಅರಸೀಕೆರೆಯಿಂದ:
ಸಮಾನುಪಾತ. ಶಾಲೆ ಪುಸ್ತಕದಲ್ಲೇ ಇದೆ.

ಹಾಸನದಿಂದ:
ತಪ್ಪು. ಎರಡು ಅನುಪಾತ ಸಮ ಎಂಬ ಹೇಳಿಕೆ ಸಮಾನುಪಾತ. ಇಲ್ಲಿ ಬೇಕಾಗಿರುವುದು ಆ ಅನುಪಾತಗಳಿಗೆ ಹೆಸರು. 1/2, 2/4 ಸಮಾನ ಭಿನ್ನರಾಶಿ ಆಗುವ ಹಾಗೆಯೇ ಇವು ಸಮಾನ ಅನುಪಾತ. ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದ್ದು. ಕೂಡಿಸಿದರೆ ಕೆಟ್ಟಿತು.

ಬೇಲೂರಿನಿಂದ:
ಅನು, ಪಾತ. ಹಿಂದೆ ಬೀಳುವುದು! ತುತ್ತ ಯಾರ ಹಿಂದೆ ಬೀಳುತ್ತದೆ ಸ್ವಾಮಿ? ನಮ್ಮದೇ ‘ಪಾಲು’ ಇದೆ, ತಮಿಳಿನಲ್ಲೂ ‘ಪಾಲ್’ ಇದೆ. ‘ಸರಿಪಾಲು’ ಎಂದು ಬರೆಸಿ.

ಹಾಸನದಿಂದ:
ಸರಿಪಾಲು ಅಂದರೆ ಅಣ್ಣತಮ್ಮಂದಿರು ತೋಟ ಹಂಚಿಕೊಳ್ಳುವುದು. ಕೇಳಿದವರ ಕಷ್ಟವೇ ಅದು, ಅಲ್ವಾ? ಇನ್ನು ಸುಣ್ಣ ಬಂದದ್ದು ‘ಚೂರ್ಣ’ದಿಂದ. ತುತ್ತ ಸಂಸ್ಕೃತ. ಬೋರ್ಡೋ ಫ್ರಾನ್ಸಿನ ಊರು. ಸಾಲ ತಂದದ್ದೆಲ್ಲ ಅಳಿಸಿದರೆ ಗೋಡೆ ಮೇಲೆ ಬರೀ ನೀರು ಉಳಿಯುತ್ತದೆ.

ಬೇಲೂರಿನಿಂದ:
ಉಳಿಯಲಿ. ಆ ನೀರನ್ನು ಸಂಸ್ಕೃತಕ್ಕೆ ಸಾಲ ಕೊಟ್ಟವರೂ ನಾವೇ.

ಸಕಲೇಶಪುರದಿಂದ:
ಸುಮ್ನೆ ಜಗಳ ಯಾಕೆ? ಇದಕ್ಕೆ ನಾಮಪದವೇ ಬೇಡ, ‘ಕ್ಕೆ’ ಸಾಕು. ಇಡ್ಲಿಗೆ ನೆನೆಹಾಕುವಾಗ ‘ಉದ್ದು ಒಂದಕ್ಕೆ ಅಕ್ಕಿ ಮೂರು’ ಅನ್ನುತ್ತೇವೆ. ಪಾವಲ್ಲಿ ಅಳೆದರೂ ಅದೇ, ಸೇರಲ್ಲಿ ಅಳೆದರೂ ಅದೇ. ಯಾರೂ ಅನುಪಾತ ಅನ್ನಲ್ಲ, ಯಾರ ಇಡ್ಲಿಯೂ ಕೆಡಲ್ಲ. ಮೇಲೆ ‘ನೀರು ನೂರಕ್ಕೆ ತುತ್ತ ಒಂದು, ಸುಣ್ಣ ಒಂದು’ ಅಂತ ಹಾಕಿ. ಕೆಳಗೆ ಡ್ರಮ್ಮಿಗೆ ಎಷ್ಟು, ಕ್ಯಾನಿಗೆ ಎಷ್ಟು.

ಅರಸೀಕೆರೆಯಿಂದ:
ಹಾಗಾದರೆ ಪರೀಕ್ಷೆಯಲ್ಲಿ ಮಕ್ಕಳು ‘ಕ್ಕೆ’ ಅಂತ ಬರೆಯಬೇಕೋ?

ಮೂಡಿಗೆರೆಯಿಂದ:
ಪರೀಕ್ಷೆ ನಿಮಗಿರಲಿ, ನನಗೆ ಶೆಡ್ಡು. ‘ನೂರಕ್ಕೆ ಒಂದು, ಒಂದು’ ಬರೆಸಿ ಆಯಿತು. ಓದಿದವರು ಮತ್ತೆ ಪ್ರಶ್ನೆ ಕೇಳಲಿಲ್ಲ. ಗೋಡೆ ಕೆಳಗೆ ಜಾಗ ಮಿಕ್ಕಿತ್ತು, ಇನ್ನೊಂದು ಸಾಲು ಸೇರಿಸಿದೆ: ‘ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು’. ಹಳೇ ಸುಣ್ಣವಾದರೆ ತೂಕ ಸರಿ ಇದ್ದರೂ ಹೀಗಾಗುತ್ತದೆ.