ಮರಿ ಮನೆಯೊಳಗೇ ಮೂತ್ರ ಮಾಡುತ್ತಿದೆ: ಪಶುವೈದ್ಯೆಗೆ ಕೇಳಿ

ಪಶುವೈದ್ಯೆ: ಇಂದು ಸಂಜೆ ಕ್ಲಿನಿಕ್ ಇಲ್ಲ. ನಾಯಿಮರಿ ಮನೆಯೊಳಗೆ ಗಲೀಜು ಮಾಡುವ ಬಗ್ಗೆ ಏನೇ ಇದ್ದರೂ ಇಲ್ಲಿ ಕೇಳಿ. ವಯಸ್ಸು, ಗಂಡೋ ಹೆಣ್ಣೋ, ಏನು ತಿನ್ನುತ್ತದೆ, ಲಸಿಕೆ ಆಗಿದೆಯೇ ಎಂಬುದನ್ನು ಬರೆಯದೆ ಬರೀ ‘ಏನು ಮಾಡಲಿ’ ಎಂದು ಕೇಳಬೇಡಿ. ಔಷಧದ ಹೆಸರನ್ನಾಗಲಿ ಪ್ರಮಾಣವನ್ನಾಗಲಿ ಗುಂಪಿನಲ್ಲಿ ಹೇಳುವುದಿಲ್ಲ.

ಸಿಂಧನೂರು ರೈಸ್‌ಮಿಲ್: ನಮಸ್ಕಾರ ಮೇಡಂ. ಗಂಡು ಮರಿ, ಎರಡು ತಿಂಗಳು. ಹಾಲು ಅನ್ನ ತಿನ್ನುತ್ತದೆ, ಮೊದಲ ಲಸಿಕೆ ಆಗಿದೆ. ಹೊರಗೆ ಅರ್ಧ ಗಂಟೆ ನಿಲ್ಲಿಸಿದರೂ ಮೂಸುತ್ತಾ ತಿರುಗುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಹಾಲ್ ನಡುವೆ ಉಚ್ಚೆ. ಬೇಕೆಂದೇ ಮಾಡುತ್ತಿದೆಯೇ?

ಪಶುವೈದ್ಯೆ: ಬೇಕೆಂದು ಮಾಡುವ ಬುದ್ಧಿಯೂ ತಡೆದುಕೊಳ್ಳುವ ಶಕ್ತಿಯೂ ಎರಡು ತಿಂಗಳ ಮರಿಗೆ ಬಂದಿರುವುದಿಲ್ಲ. ಹಗಲಿನಲ್ಲಿ ಎರಡು ಗಂಟೆ ತಡೆದರೆ ಅದೇ ಹೆಚ್ಚು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತಿಪ್ಪತ್ತು ನಿಮಿಷಕ್ಕೆ, ಆಟ ಮುಗಿದ ಮೇಲೆ, ಮಲಗುವ ಮುಂಚೆ ಅದನ್ನು ಎತ್ತಿಕೊಂಡು ಹೋಗಬೇಕು. ಹಗ್ಗ ಹಾಕಿ ಪ್ರತಿ ಸಲವೂ ಒಂದೇ ಮೂಲೆಗೆ ಕರೆದೊಯ್ದು ಐದು ನಿಮಿಷ ಮಾತಾಡದೆ ನಿಲ್ಲಿ. ಮಾಡದಿದ್ದರೆ ಒಳಗೆ ತನ್ನಿ, ಆದರೆ ಹಾಲ್‌ನಲ್ಲಿ ಬಿಡದೆ ಹಗ್ಗ ನಿಮ್ಮ ಕೈಯಲ್ಲೇ ಇರಲಿ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಮೂಲೆಗೆ ಹೋಗಿ. ಮಾಡಿ ಮುಗಿಸಿದ ಕ್ಷಣವೇ, ಅಲ್ಲಿಯೇ, ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ತಿಳಿಯುತ್ತದೆ. ಇನ್ನೊಂದು ಮಾತು: ಮೂತ್ರ ಆಯಿತೆಂದ ಕೂಡಲೇ ಒಳಗೆ ಎಳೆದು ತರಬೇಡಿ. ಮೂತ್ರ ಮಾಡಿದರೆ ಸುತ್ತಾಟ ಮುಗಿಯುತ್ತದೆ ಎಂಬುದು ಗೊತ್ತಾದರೆ ಮರಿ ತಡೆಹಿಡಿಯುವುದನ್ನೇ ಕಲಿಯುತ್ತದೆ. ನಿಮ್ಮ ಮರಿ ಬಹುಶಃ ಕಲಿತಾಗಿದೆ.

ಹಾಲು ಅನ್ನವನ್ನು ದಿನವಿಡೀ ಬಟ್ಟಲಲ್ಲಿ ಇಡಬೇಡಿ. ಅಷ್ಟು ನೀರಾದ ಊಟಕ್ಕೆ ಅಷ್ಟೇ ಮೂತ್ರ. ಹಸುವಿನ ಹಾಲು ಕೆಲವು ಮರಿಗಳಿಗೆ ಭೇದಿಯನ್ನೂ ತರಿಸುತ್ತದೆ. ದಿನಕ್ಕೆ ನಾಲ್ಕು ಸಲ, ಗೊತ್ತಾದ ಹೊತ್ತಿಗೆ ಊಟ ಕೊಟ್ಟರೆ ಹೊರಗೆ ಹೋಗುವ ಹೊತ್ತೂ ಗೊತ್ತಾಗುತ್ತದೆ. ‘ಹೊರಗೆ’ ಎಂದರೆ ಸದ್ಯಕ್ಕೆ ನಿಮ್ಮ ಅಂಗಳ ಮಾತ್ರ, ಬೀದಿಯಲ್ಲ. ಮರಿಗಳ ಪ್ರಾಣಕ್ಕೇ ಕುತ್ತು ತರುವ ವಾಂತಿ ಭೇದಿಯ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಹದಿನಾರು ವಾರದವರೆಗಿನ ಲಸಿಕೆಗಳೆಲ್ಲ ಮುಗಿಯಬೇಕು.

ಮಸ್ಕಿಯ ತಮ್ಮ: ಮೇಡಂ ನನ್ನದೂ ಎರಡು ತಿಂಗಳ ಮರಿ, ಒಳಗೇ ಉಚ್ಚೆ ಮಾಡುತ್ತದೆ. ಏನು ಮಾಡಲಿ?

ಪಶುವೈದ್ಯೆ: ಮೇಲಿನದನ್ನು ಓದಿ.

ಶಕ್ತಿನಗರ ಕ್ವಾರ್ಟರ್ಸ್: ಮೇಡಂ, ಎಂಟು ತಿಂಗಳ ಗಂಡು. ಹೊರಗೇ ಮಾಡುತ್ತಿದ್ದವನು ಪಕ್ಕದ ಮನೆಗೆ ಹೊಸ ನಾಯಿ ಬಂದ ಮೇಲೆ ಸೋಫಾಕ್ಕೆ ಕಾಲೆತ್ತುತ್ತಿದ್ದಾನೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ನಿಲ್ಲುತ್ತದೆಯೇ?

ದೇವದುರ್ಗ ಕಿರಾಣಿ: ಎಲ್ಲರಿಗೂ ಉಪಯೋಗವಾಗಲೆಂದು ಇನ್ನೊಂದು ಗುಂಪಿನಿಂದ ಬಂದದ್ದನ್ನು ಹಾಕುತ್ತಿದ್ದೇನೆ. ‘ಮೂತ್ರ ಮಾಡಿದ ಜಾಗದಲ್ಲಿ ಡಾಂಬರು ಗುಳಿಗೆ ಮತ್ತು ಕರ್ಪೂರ ಇಡಿ. ಖಾರದ ಪುಡಿ ಉದುರಿಸಿ. ಮರಿಯ ಮೂಗನ್ನು ಮೂತ್ರದಲ್ಲಿ ಉಜ್ಜಿ. ಸಂಜೆ ನಾಲ್ಕರ ನಂತರ ನೀರು ಕೊಡಬೇಡಿ. ಮೂರು ದಿನದಲ್ಲಿ ನೂರಕ್ಕೆ ನೂರು ಫಲ.’

ಪಶುವೈದ್ಯೆ: ಇದನ್ನು ಅಳಿಸಿಬಿಡಿ ಯಜಮಾನರೇ. ಡಾಂಬರು ಗುಳಿಗೆಯ ನ್ಯಾಫ್ತಲೀನ್ ನಾಯಿಗೆ ವಿಷ, ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಮರಿ ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಗುಳಿಗೆ ಬಿಡುತ್ತದೆಯೇ? ಕರ್ಪೂರ ತಿಂದರೆ ಫಿಟ್ಸ್ ಬರುತ್ತದೆ. ಖಾರದ ಪುಡಿಯನ್ನು ಕಣ್ಣಿಗೆ ಹಾಕಿಕೊಂಡು ಕಿರುಚುವ ಮರಿಯನ್ನು ನಾನು ಮೇಜಿನ ಮೇಲೆ ಹಿಡಿದು ತೊಳೆದಿದ್ದೇನೆ, ಕಳಿಸಿದವರು ತೊಳೆದಿಲ್ಲ. ಮೂಗು ಉಜ್ಜಿಸಿಕೊಂಡ ಮರಿ ಕಲಿಯುವುದು ಒಂದನ್ನೇ: ಮನುಷ್ಯರ ಕಣ್ಣೆದುರು ಮೂತ್ರ ಮಾಡಬಾರದು. ಆಮೇಲೆ ಅದು ಮಂಚದ ಕೆಳಗೆ ಮಾಡುತ್ತದೆ, ಹೊರಗೆ ನಿಮ್ಮೊಡನೆ ನಿಂತಾಗ ಮಾಡುವುದಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ನೀರು ಕಟ್ಟಿದರೆ ಆಗುವುದನ್ನು ಬರೆಯಲೂ ಮನಸ್ಸಿಲ್ಲ.

ದೇವದುರ್ಗ ಕಿರಾಣಿ: ನಾನು ಬಂದದ್ದನ್ನು ಕಳಿಸಿದೆ ಅಷ್ಟೇ ಮೇಡಂ.

ಪಶುವೈದ್ಯೆ: ಬಂದದ್ದೆಲ್ಲ ಕಳಿಸಬೇಕಾಗಿಲ್ಲ.

ಮಾನ್ವಿ ಅಕ್ಕ: ಡಾಕ್ಟರಮ್ಮ, ನಮ್ಮದು ಹಳೆಯ ಮನೆ, ಶಹಾಬಾದ್ ಕಲ್ಲಿನ ನೆಲ. ಮೂರು ತಿಂಗಳ ಹೆಣ್ಣು ಮರಿ, ಲಸಿಕೆ ಎರಡಾಗಿವೆ, ರೊಟ್ಟಿ ಮೊಸರು ತಿನ್ನುತ್ತದೆ. ಹೊರಗೆ ಮಾಡುವುದನ್ನು ಕಲಿತಿದೆ, ಆದರೆ ಪಡಸಾಲೆಯ ಒಂದು ಮೂಲೆಗೆ ಮಾತ್ರ ಬಿಡದೆ ಹೋಗುತ್ತದೆ. ಫಿನಾಯಿಲ್ ಹಾಕಿದೆ, ವಿನೆಗರ್ ಹಾಕಿದೆ, ಕೊನೆಗೆ ಬಾತ್‌ರೂಮ್ ಆಸಿಡ್ ಹಾಕಿ ಉಜ್ಜಿದೆ. ಮೊದಲಿಗಿಂತ ಹೆಚ್ಚಾಗಿದೆ.

ಪಶುವೈದ್ಯೆ: ಅಕ್ಕ, ಮರಿಯದಲ್ಲ, ಕಲ್ಲಿನದೇ ತೊಂದರೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆಸಿಡ್ ಬಿದ್ದಾಗ ನೊರೆ ಉಕ್ಕಿರಬೇಕಲ್ಲ? ಕಲ್ಲು ಕರಗಿದಾಗ ಬರುವ ನೊರೆ ಅದು. ಮೇಲಿನ ನಯ ಹೋಗಿ ಸಣ್ಣ ತೂತುಗಳು ತೆರೆದುಕೊಂಡಿವೆ, ಈಗ ಮೊದಲಿಗಿಂತ ಹೆಚ್ಚು ಮೂತ್ರ ಹೀರುತ್ತದೆ. ವಿನೆಗರ್ ಕೂಡ ಆಮ್ಲವೇ. ಅದು ಟೈಲ್ಸ್‌ಗೆ ಸರಿ, ಈ ಕಲ್ಲಿಗೆ ಬೇಡ. ಫಿನಾಯಿಲ್ ನಮ್ಮ ಮೂಗನ್ನು ಮುಚ್ಚುತ್ತದೆಯೇ ಹೊರತು ನಾಯಿಯ ಮೂಗನ್ನಲ್ಲ, ಮೇಲಾಗಿ ಕಪ್ಪು ಫಿನಾಯಿಲ್ ಕಾಲಿಗೆ ಹತ್ತಿ, ಮರಿ ಅದನ್ನು ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಅನ್ನು ಮಾತ್ರ ಎಂದಿಗೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಈಗ ಮಾಡಬೇಕಾದದ್ದು: ಸಾಬೂನಿನ ನೀರಿನಿಂದ ಎರಡು ಸಲ ತೊಳೆದು ಒಣಗಿಸಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಎನ್‌ಜೈಮ್ ಇರುವ ದ್ರಾವಣವನ್ನು ಸುರಿದು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಮೂತ್ರದ ವಾಸನೆ ಬರೀ ನೀರಿಗೆ ಹೋಗುವುದಿಲ್ಲ, ವಾಸನೆಗೆ ಕಾರಣವಾದ ಅಂಶವನ್ನು ಎನ್‌ಜೈಮ್ ಒಡೆಯುತ್ತದೆ. ಕಲ್ಲಿನ ಸಂದುಗಳಲ್ಲಿ ಸಿಮೆಂಟ್ ಉದುರಿದ್ದರೆ ಗಾರೆಯವರನ್ನು ಕರೆಸಿ ತುಂಬಿಸಿ. ವಾಸನೆ ಹೆಚ್ಚಾಗಿ ಅಲ್ಲಿಯೇ ಕೂತಿರುತ್ತದೆ. ಅಷ್ಟಾದ ಮೇಲೆ ಮರಿಯ ಊಟದ ತಟ್ಟೆಯನ್ನು ಅದೇ ಮೂಲೆಯಲ್ಲಿ ಇಡಿ. ಉಣ್ಣುವ ಜಾಗದಲ್ಲಿ ಸಾಮಾನ್ಯವಾಗಿ ನಾಯಿ ಮೂತ್ರ ಮಾಡುವುದಿಲ್ಲ.

ನಿವೃತ್ತ ಮೇಷ್ಟ್ರು: ಕ್ಷಮಿಸಿ, ಒಂದು ಮಾತು. ನಾಯಿಯನ್ನು ಮನೆಯೊಳಗೆ ಬಿಟ್ಟುಕೊಂಡದ್ದೇ ಎಲ್ಲಕ್ಕೂ ಮೂಲ. ನಮ್ಮ ಹಿರಿಯರು ಅಂಗಳದಲ್ಲಿ ಸಾಕುತ್ತಿದ್ದರು. ಸಾಕುವುದಾದರೆ ಮುಧೋಳ ನಾಯಿ ಸಾಕಿ, ದೇಶಿ ತಳಿಗೆ ಇದನ್ನೆಲ್ಲ ಕಲಿಸಬೇಕಾಗಿಲ್ಲ.

ಗಂಜ್ ವ್ಯಾಪಾರಿ: ಮೇಷ್ಟ್ರೇ, ನಮ್ಮಲ್ಲಿ ಮುಧೋಳವೇ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿಯಾದರೂ ಮರಿಯಾಗಿದ್ದಾಗ ಗೋದಾಮಿನ ಚೀಲಗಳ ಮೇಲೆ ಅದು ಮಾಡಿದ್ದು ಉಚ್ಚೆಯೇ. ಇನ್ನು ಅಂಗಳದ ಮಾತು. ಮೇ ತಿಂಗಳ ಮಧ್ಯಾಹ್ನ ನಿಮ್ಮ ಅಂಗಳದ ಬಂಡೆಯ ಮೇಲೆ ಬರಿಗಾಲಲ್ಲಿ ಹತ್ತು ನಿಮಿಷ ನಿಂತು ಆಮೇಲೆ ಹೇಳಿ.

ನಿವೃತ್ತ ಮೇಷ್ಟ್ರು: ಮುಧೋಳ ನಾಯಿ, ಗಂಜ್‌ನಲ್ಲಿ ಗೋದಾಮು. ಬೆಳಿಗ್ಗೆ ಆರಕ್ಕೆ ನೀಲಿ ಹಗ್ಗ ಹಿಡಿದು ನಮ್ಮ ಗೇಟಿನ ಮುಂದೆ ನಿಲ್ಲುವವರು ತಾವೇ ಏನು?

ಗಂಜ್ ವ್ಯಾಪಾರಿ: ಗೇಟಿಗೆ ಕೆಂಪು ನೀರಿನ ಬಾಟಲಿ ತೂಗುಹಾಕಿದವರು ತಾವೇ ಏನು?

ಲಿಂಗಸೂಗೂರು ಕಾಲೇಜು: ಮೇಡಂ, ನಿನ್ನೆ ಮರಿ ತಂದಿದ್ದೇನೆ. ಗಂಡು, ಮೂವತ್ತೈದು ದಿನ, ಲಸಿಕೆ ಇಲ್ಲ, ಹಾಲು ಕುಡಿಯುತ್ತದೆ. ಮಲಗುವ ಡಬ್ಬಿಯಲ್ಲೇ ಗಲೀಜು ಮಾಡಿ ಅದರಲ್ಲೇ ಹೊರಳುತ್ತದೆ. ಯಾವಾಗ ಕಲಿಸಲು ಶುರು ಮಾಡಲಿ?

ಪಶುವೈದ್ಯೆ: ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರದ ನಿಯಮದಲ್ಲೇ ಇದೆ. ಮಾರಿದವರಿಗೆ ಗೊತ್ತು, ಕೊಳ್ಳುವವರು ಕೇಳುವುದಿಲ್ಲ. ಮಲಗುವ ಜಾಗದಿಂದ ದೂರ ಹೋಗಿ ಮೂತ್ರ ಮಾಡುವುದು ಮರಿಗೆ ಮೂರು ವಾರದ ಸುಮಾರಿಗೆ, ತಾಯಿಯ ಗೂಡಿನಲ್ಲೇ ರೂಢಿಯಾಗುತ್ತದೆ. ಇಕ್ಕಟ್ಟಾದ ಪಂಜರದಲ್ಲಿ ಬೆಳೆದದ್ದಾದರೆ ದೂರ ಹೋಗಲು ಜಾಗವೇ ಇರಲಿಲ್ಲ. ತಾಯಿ ಇನ್ನೂ ಅಲ್ಲಿದ್ದರೆ ಹಿಂದಕ್ಕೆ ಕೊಟ್ಟು ಮೂರು ವಾರ ಬಿಟ್ಟು ತನ್ನಿ. ಇಲ್ಲವಾದರೆ ನಾಳೆಯೇ ಯಾವುದಾದರೂ ಪಶು ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಜಂತುವಿನ ಔಷಧವನ್ನು ತೂಕ ನೋಡಿಯೇ ಕೊಡಬೇಕು. ಮಲಗುವುದಕ್ಕೆ ಒಂದು ಕಡೆ, ಮಣ್ಣು ತುಂಬಿದ ಅಗಲ ತಟ್ಟೆ ಇನ್ನೊಂದು ಕಡೆ, ಅಷ್ಟೇ ಸದ್ಯಕ್ಕೆ.

ಹಟ್ಟಿ ಕ್ವಾರ್ಟರ್ಸ್: ಮೇಡಂ, ಹೆಣ್ಣು ಲ್ಯಾಬ್ರಡಾರ್, ನಾಲ್ಕೂವರೆ ತಿಂಗಳು. ಲಸಿಕೆಗಳೆಲ್ಲ ಆಗಿವೆ, ಪ್ಯಾಕೆಟ್ ಆಹಾರ ಮತ್ತು ಮೊಟ್ಟೆ ತಿನ್ನುತ್ತಾಳೆ. ಹೊರಗೆ ಬಿಟ್ಟರೆ ಒಂದೇ ನಿಮಿಷದಲ್ಲಿ ಮುಗಿಸುತ್ತಾಳೆ, ಒಳಗೆ ಕುಳಿತು ಮಾಡಿದ್ದನ್ನು ನಾವು ನೋಡಿಲ್ಲ. ಆದರೆ ಮಲಗಿ ಎದ್ದ ಜಾಗ ಒದ್ದೆಯಾಗಿರುತ್ತದೆ, ನಡೆದಲ್ಲೆಲ್ಲ ಹನಿ. ಅತ್ತೆಯವರು ಇದು ಸೋಮಾರಿತನ, ಎರಡು ಬಿಟ್ಟರೆ ಕಲಿಯುತ್ತಾಳೆ ಎನ್ನುತ್ತಾರೆ.

ಪಶುವೈದ್ಯೆ: ಯಾರೂ ಹೊಡೆಯಬೇಡಿ. ತಂದ ದಿನದಿಂದಲೂ ಹೀಗೆಯೇ, ಈಚೆಗೆ ಶುರುವಾಯಿತೇ? ಪದೇ ಪದೇ ಕುಳಿತು ತಿಣುಕುತ್ತಾಳೆಯೇ, ಮೂತ್ರದಲ್ಲಿ ರಕ್ತವಿದೆಯೇ? ಬಾಲ ಎತ್ತಿ ನೋಡಿ, ಅಲ್ಲಿನ ಚರ್ಮ ಹೇಗಿದೆ? ದಿನಕ್ಕೆ ಎಷ್ಟು ನೀರು ಕುಡಿಯುತ್ತಾಳೆ?

ನಿವೃತ್ತ ಮೇಷ್ಟ್ರು: ಬಾಟಲಿ ನನ್ನ ಗೇಟು, ನನ್ನ ಇಷ್ಟ. ಅದು ಇರುವುದರಿಂದಲೇ ಉಳಿದ ನಾಯಿಗಳು ಬರುವುದಿಲ್ಲ.

ಗಂಜ್ ವ್ಯಾಪಾರಿ: ನನ್ನದು ಅದೇ ಬಾಟಲಿಯ ಕೆಳಗೇ ಕಾಲೆತ್ತುತ್ತದೆ.

ನಿವೃತ್ತ ಮೇಷ್ಟ್ರು: ಎಲ್ಲರೂ ನೋಡಿ, ಒಪ್ಪಿಕೊಂಡರು. ಮೇಡಂ, ತಾವೇ ಹೇಳಿ.

ಪಶುವೈದ್ಯೆ: ಬಣ್ಣದ ನೀರಿಗೆ ನಾಯಿ ಹೆದರುವುದಿಲ್ಲ. ವ್ಯಾಪಾರಿಗಳೇ, ಹಗ್ಗ ನಿಮ್ಮ ಕೈಯಲ್ಲಿದೆ, ಖಾಲಿ ನಿವೇಶನದ ಕಡೆಗೆ ಎಳೆದುಕೊಂಡು ಹೋಗಿ, ಮಲ ಬಿದ್ದರೆ ಕಾಗದದಲ್ಲಿ ಎತ್ತಿ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಸಿರವಾರ: ನನ್ನ ಮರಿ ಎರಡೂವರೆ ತಿಂಗಳು, ಒಳಗೇ ಮಾಡುತ್ತದೆ, ಪರಿಹಾರ ತಿಳಿಸಿ.

ಪಶುವೈದ್ಯೆ: ಸಿಂಧನೂರಿನವರಿಗೆ ಬರೆದದ್ದು.

ಶಕ್ತಿನಗರ ಕ್ವಾರ್ಟರ್ಸ್: ಮೇಡಂ, ಸೋಫಾದ ವಿಷಯ ಕೇಳಿದ್ದೆ.

ಸ್ಟೇಷನ್ ರಸ್ತೆ: ಮೇಡಂ, ಮೂರು ತಿಂಗಳ ಹೆಣ್ಣು, ಪ್ಯಾಕೆಟ್ ಆಹಾರ, ಲಸಿಕೆ ಆಗುತ್ತಿದೆ. ನನ್ನ ಪತಿ ಕೆಲಸದಿಂದ ಬಂದಾಗ ಮಾತ್ರ ಅಂಗಾತ ಬಿದ್ದು ಉಚ್ಚೆ ಮಾಡುತ್ತದೆ. ಅವರು ಗದರಿಸುತ್ತಾರೆ, ಇನ್ನಷ್ಟು ಮಾಡುತ್ತದೆ.

ಪಶುವೈದ್ಯೆ: ಅಂಜಿಕೆಯ ಮೂತ್ರ. ‘ನಾನು ಸಣ್ಣವಳು, ಏನೂ ಮಾಡಬೇಡಿ’ ಎನ್ನುತ್ತಿದೆ, ಅದಕ್ಕೆ ಉತ್ತರವಾಗಿ ಗದರಿಸಿದರೆ? ನಿಮ್ಮ ಪತಿ ಬಂದವರು ಮರಿಯನ್ನು ನೋಡದೆ, ಮಾತಾಡಿಸದೆ ಒಳಗೆ ಹೋಗಲಿ. ಅದು ತಾನಾಗಿ ಹತ್ತಿರ ಬಂದಾಗ ಪಕ್ಕಕ್ಕೆ ತಿರುಗಿ ಕುಳಿತು, ತಲೆಯ ಮೇಲಲ್ಲ, ಎದೆಯ ಬಳಿ ಸವರಲಿ. ಬೆಳೆದಂತೆ ಬಹಳ ಮರಿಗಳಲ್ಲಿ ತಾನೇ ಹೋಗುತ್ತದೆ.

ಹಟ್ಟಿ ಕ್ವಾರ್ಟರ್ಸ್: ಮೇಡಂ, ನೋಡಿದೆ. ತಂದ ದಿನದಿಂದಲೂ ಹೀಗೆಯೇ. ತಿಣುಕುವುದಿಲ್ಲ, ರಕ್ತವಿಲ್ಲ. ಬಾಲದ ಕೆಳಗೆ ಚರ್ಮ ಕೆಂಪಾಗಿದೆ, ಕೂದಲು ಹಳದಿಯಾಗಿ ಅಂಟಿಕೊಂಡಿದೆ, ಸದಾ ನೆಕ್ಕುತ್ತಾಳೆ. ನೀರು ಇನ್ನೂ ಅಳೆದಿಲ್ಲ, ಆದರೆ ವಿಪರೀತವೇನೂ ಕುಡಿಯುವುದಿಲ್ಲ.

ಪಶುವೈದ್ಯೆ: ತಂಗಿ, ಗಮನವಿಟ್ಟು ಓದಿ. ಮೊದಲ ಅನುಮಾನ ಮೂತ್ರನಾಳದ ಸೋಂಕು, ಹೆಣ್ಣು ಮರಿಗಳಲ್ಲಿ ಸಾಮಾನ್ಯ. ಬರೀ ಸೋಂಕಾದರೆ ಪದೇ ಪದೇ ಕುಳಿತು ಸ್ವಲ್ಪ ಸ್ವಲ್ಪ ಮಾಡುತ್ತಿದ್ದಳು. ನೀವು ಹೇಳುವುದು ಬೇರೆ: ಹೊರಗೆ ಸರಿಯಾಗಿ ಮಾಡುತ್ತಾಳೆ, ಆದರೂ ಅರಿವಿಲ್ಲದೆ ಸೋರುತ್ತದೆ, ಅದೂ ಮೊದಲ ದಿನದಿಂದ. ಎರಡು ಮೂತ್ರಪಿಂಡಗಳಿಂದ ಎರಡು ನಾಳಗಳು ಬಂದು ಮೂತ್ರಕೋಶಕ್ಕೆ ಸೇರಬೇಕು. ಕೆಲವು ಮರಿಗಳಲ್ಲಿ ಹುಟ್ಟಿನಿಂದಲೇ ಒಂದು ನಾಳ, ಕೆಲವೊಮ್ಮೆ ಎರಡೂ, ಕೋಶವನ್ನು ದಾಟಿ ಕೆಳಗೆ ತೆರೆದುಕೊಂಡಿರುತ್ತವೆ. ತೊಟ್ಟಿಯನ್ನು ಬಿಟ್ಟು ನೇರ ಚರಂಡಿಗೆ ಜೋಡಿಸಿದ ಪೈಪಿನಂತೆ. ಒಂದು ನಾಳ ಸರಿಯಿದ್ದರೆ ಕೋಶ ತುಂಬುತ್ತದೆ, ಆದ್ದರಿಂದ ಹೊರಗೆ ಚೆನ್ನಾಗಿಯೇ ಮಾಡುತ್ತಾಳೆ. ಇನ್ನೊಂದು ಹಗಲು ರಾತ್ರಿ ಹನಿಯುತ್ತಲೇ ಇರುತ್ತದೆ. ಹೆಣ್ಣಿನಲ್ಲಿ ಹೆಚ್ಚು ಕಾಣುತ್ತದೆ, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಹಸ್ಕಿ ತಳಿಗಳಲ್ಲಿ ಕಂಡುಬರುವಂಥದ್ದು. ಇದೇ ಎಂದು ನೋಡದೆ ಹೇಳಲಾರೆ. ಆದರೆ ಸೋಮಾರಿತನ ಅಲ್ಲ ಎಂಬುದನ್ನು ಅತ್ತೆಯವರಿಗೆ ನನ್ನ ಹೆಸರು ಹೇಳಿಯೇ ಹೇಳಿ.

ತಡ ಮಾಡಬೇಡಿ. ಸೋಂಕು ಮೇಲಕ್ಕೇರಿ ಮೂತ್ರಪಿಂಡ ಊದಿಕೊಳ್ಳಬಹುದು. ಈ ಬಿಸಿಲಿನಲ್ಲಿ ಒದ್ದೆ ಚರ್ಮಕ್ಕೆ ನೊಣ ಕುಳಿತು ಹುಳ ಬೀಳುವುದಕ್ಕೂ ಹೊತ್ತು ಬೇಕಿಲ್ಲ. ದಿನಕ್ಕೆರಡು ಸಲ ಬೆಚ್ಚನೆಯ ನೀರಿನಿಂದ ತೊಳೆದು, ಮೆತ್ತಗೆ ಒತ್ತಿ ಒಣಗಿಸಿ. ಪೌಡರ್, ಅರಿಶಿನ, ಎಣ್ಣೆ ಏನೂ ಬೇಡ. ನೀರನ್ನು ಅಳೆಯಿರಿ, ಕಡಿಮೆ ಮಾಡಬೇಡಿ. ಸೋಮವಾರ ಬನ್ನಿ. ಕಾರಿನಿಂದ ಇಳಿಸಿದ ಕೂಡಲೇ ಮರದ ಕಡೆಗೆ ಬಿಡಬೇಡಿ, ನೇರ ಒಳಗೆ ತನ್ನಿ; ಕೋಶ ತುಂಬಿದ್ದರೆ ಸ್ಕ್ಯಾನ್ ಚೆನ್ನಾಗಿ ಕಾಣುತ್ತದೆ, ಪರೀಕ್ಷೆಗೆ ಮೂತ್ರವನ್ನೂ ಸೂಜಿಯಿಂದ ಶುದ್ಧವಾಗಿ ತೆಗೆಯಬಹುದು. ಅನುಮಾನ ಉಳಿದರೆ ಸಿ.ಟಿ. ಅಥವಾ ಒಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ ಬೇಕು. ಅದಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಹೈದರಾಬಾದಿಗೋ ಪತ್ರ ಕೊಡುತ್ತೇನೆ. ಶಸ್ತ್ರಚಿಕಿತ್ಸೆಯಿಂದ ಬಹಳಷ್ಟು ಮರಿಗಳು ಸುಧಾರಿಸುತ್ತವೆ. ಕೆಲವಕ್ಕೆ ಆಮೇಲೂ ಸ್ವಲ್ಪ ಸೋರುತ್ತದೆ, ಮಾತ್ರೆ ಬೇಕಾಗುತ್ತದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ.

ಹಟ್ಟಿ ಕ್ವಾರ್ಟರ್ಸ್: ಅತ್ತೆಯವರಿಗೆ ಓದಿ ಹೇಳಿದೆ. ತಾವೂ ಬರುತ್ತಾರಂತೆ. ಸೋಮವಾರ ಹನ್ನೊಂದಕ್ಕೆ ಬರಬಹುದೇ?

ಪಶುವೈದ್ಯೆ: ಹತ್ತಕ್ಕೆ ಬನ್ನಿ.

ದೇವದುರ್ಗ ಕಿರಾಣಿ: ಹಟ್ಟಿಯ ತಂಗಿ, ಇಷ್ಟು ದೂರ ಹೋಗುವ ಮುಂಚೆ ಬಾರ್ಲಿ ನೀರು ಒಂದು ವಾರ ಕೊಟ್ಟು ನೋಡಿ, ಹಿರಿಯರೊಬ್ಬರು ಕಳಿಸಿದ್ದು.

ಪಶುವೈದ್ಯೆ: ಯಜಮಾನರೇ, ನಾಳ ಎಲ್ಲಿ ಸೇರಬೇಕೆಂದು ಬಾರ್ಲಿಗೆ ಗೊತ್ತಿಲ್ಲ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಈ ಗುಂಪಿನಲ್ಲಿ ಉತ್ತರಿಸುವುದನ್ನು ಬಿಡುತ್ತೇನೆ.

ಮಾನ್ವಿ ಅಕ್ಕ: ಡಾಕ್ಟರಮ್ಮ, ಗಾರೆಯವನು ಆ ಕಲ್ಲನ್ನೇ ಕಿತ್ತು ಟೈಲ್ಸ್ ಹಾಕಿಸಿ ಎನ್ನುತ್ತಿದ್ದಾನೆ.

ಪಶುವೈದ್ಯೆ: ಮೊದಲು ಎನ್‌ಜೈಮ್ ಹಾಕಿ ನೋಡಿ ಅಕ್ಕ. ಗಾರೆಯವನು ಬೇರೆ ಏನು ಹೇಳುತ್ತಾನೆ?

ನಿವೃತ್ತ ಮೇಷ್ಟ್ರು: ನಾಳೆ ಆರು ಗಂಟೆಗೆ ಗೇಟಿನ ಬಳಿ ಮೊಬೈಲ್ ಹಿಡಿದು ನಿಂತಿರುತ್ತೇನೆ. ವಿಡಿಯೊ ಇದೇ ಗುಂಪಿಗೆ ಬರುತ್ತದೆ.

ಗಂಜ್ ವ್ಯಾಪಾರಿ: ನಾಳೆ ಐದೂವರೆಗೇ ಬರುತ್ತೇವೆ.

ಶಕ್ತಿನಗರ ಕ್ವಾರ್ಟರ್ಸ್: ಮೇಡಂ, ಇದ್ದೀರಾ?